ಇರುವವರ ಅಳತೆ

ಇಂಚುಪಟ್ಟಿ ಕಲ್ಲೆದೆಯ ಮನುಷ್ಯ. ಹೋದ ತಿಂಗಳು ಆತ ತೀರಿಕೊಂಡಾಗ ಬೀದಿಯ ಜನ ಒಳ್ಳೊಳ್ಳೆಯ ಮಾತು ಆಡಿದರು. ಕೆಲಸದಲ್ಲಿ ನಿಯತ್ತು, ಕೊಟ್ಟ ಮಾತಿಗೆ ತಪ್ಪಿದವನಲ್ಲ, ಕುಡಿತವಿಲ್ಲ, ಬಾಯಲ್ಲಿ ಒಂದು ಸುಳ್ಳಿಲ್ಲ. ನಾನೂ ನಿಂತು ಕೇಳಿದೆ. ಎಲ್ಲವೂ ನಿಜವೇ. ಆದರೆ ಸತ್ತ ಮಾತ್ರಕ್ಕೆ ಯಾರ ಗುಣವೂ ಬದಲಾಗುವುದಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಎದುರಿಗೆ ನಿಂತಿರುವಾಗಲೂ ತನ್ನ ಅಳತೆಯಿಂದ ಒಂದು ನೂಲು ಆಚೀಚೆ ಸರಿಯದವನು ಆತ. ಅದು ನಡೆದದ್ದು ನಮ್ಮ ಮನೆಯಲ್ಲಿ, ನನ್ನ ಕಣ್ಣೆದುರಿಗೆ.

ಆತ ಬಡಗಿ. ಇಂಚುಪಟ್ಟಿ ಎಂಬುದು ಮಕ್ಕಳಿಟ್ಟ ಹೆಸರು, ಆಮೇಲೆ ದೊಡ್ಡವರ ಬಾಯಿಗೂ ಬಂತು. ಬಾಗಿಲು, ಕಿಟಕಿ, ಮಂಚ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಮನೆಮಂದಿ ಸೇರಿ ಕೂರುವ ಹಾಲ್‌ನ ಮರಗೆಲಸ ಒಂದನ್ನೇ ಮಾಡುತ್ತಿದ್ದ. "ಮಲಗಿದೋನಿಗೆ ಯಾವ ಮಂಚ ಆದ್ರೂ ನಿದ್ದೆ ಬರುತ್ತೆ. ಕೂತೋನ ಕಷ್ಟ ಕೇಳೋರಿಲ್ಲ" ಎನ್ನುತ್ತಿದ್ದ.

ಈ ಹಟ ಆತನಿಗೆ ಅಂಟಿದ್ದು ಚಿಕ್ಕಂದಿನಲ್ಲಿ. ಶಾಲೆಯ ಬೆಂಚಿನ ಮೇಲೆ ಕೂತರೆ ಆತನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಂತೆ. ತೂಗಾಡುವ ಕಾಲು ಜುಮುಗುಟ್ಟಿ ಅಲ್ಲಾಡಿಸಿದರೆ ಮೇಷ್ಟರ ಬೆತ್ತ. ಐದನೇ ತರಗತಿಗೆ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ್ದಾದರೂ ಎಲ್ಲಿಗೆ? ಶಾಲೆಗಳಿಗೆ ಬೆಂಚು ಮಾಡುವ ಕಾರ್ಖಾನೆಗೆ. ಒಂಬತ್ತು ವರ್ಷ ಒಂದೇ ಎತ್ತರದ ಬೆಂಚು ಕೊಯ್ದ. ಒಂದು ದಿನ ಮಾಲೀಕನ ಮುಂದೆ ನಿಂತು, "ಮಕ್ಕಳೇನು ಒಂದೇ ಅಚ್ಚಲ್ಲಿ ಹಾಕಿದ ಇಟ್ಟಿಗೇನಾ?" ಎಂದು ಕೇಳಿ, ಉಳಿ ಗರಗಸ ಚೀಲಕ್ಕೆ ಹಾಕಿಕೊಂಡು ಹೊರಟುಬಂದ. ಆತನ ಹೆಂಡತಿ ಈ ಕಥೆ ಹೇಳಿದಾಗಲೆಲ್ಲ ಕೊನೆಗೊಂದು ಮಾತು ಸೇರಿಸುತ್ತಿದ್ದಳು: "ನಮ್ಮನೆಗೆ ಬನ್ನಿ ಟೀಚರಮ್ಮ. ನೆಟ್ಟಗೆ ನಿಲ್ಲೋ ಒಂದು ಸ್ಟೂಲಿಲ್ಲ. ಊರಿಗೆಲ್ಲ ಮೊಣಕಾಲು ಅಳೆಯೋರ ಹೆಂಡತಿ ಚಾಪೆ ಮೇಲೆ."

ದೀಪದ ಬುಡ ಕತ್ತಲೆ. ಆದರೆ ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ನಾನು ನನ್ನ ತಂಗಿಯ ಮಗಳ ಮನೆಯಲ್ಲಿ ಇರುತ್ತೇನೆ. ಅವಳು, ಅವಳ ಗಂಡ, ನಾಲ್ಕು ವರ್ಷದ ಮಗಳು ಮತ್ತು ನಾನು ಈ ಮನೆಗೆ ಬಂದ ಹೊಸತರಲ್ಲಿ ಇಂಚುಪಟ್ಟಿಯನ್ನು ಕರೆಸಿದೆವು. ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಹಾಲ್. ಮುಂಬಾಗಿಲು ಒಂದು ಮೂಲೆಯಲ್ಲಿ, ಅಡುಗೆಮನೆಯ ಬಾಗಿಲು ಎದುರು ಮೂಲೆಯಲ್ಲಿ. ತಂಗಿಯ ಮಗಳ ಗಂಡನಿಗೆ ಅಂಗಡಿಯಲ್ಲಿ ಕಂಡಿದ್ದ ದೊಡ್ಡ ಸೋಫಾ, ನಡುವೆ ಗಾಜಿನ ಟೀಪಾಯಿ ಬೇಕಿತ್ತು. ಬಂದವರು ನೋಡಿದರೆ ಒಂದು ಲಕ್ಷಣವಾಗಿರಬೇಕು ಎಂದ.

"ಬಂದೋರು ಎಷ್ಟು ದಿನ ಇರ್ತಾರೆ ಸಾರ್?"

"ಒಂದು ಗಂಟೆ, ಎರಡು ಗಂಟೆ."

"ಅವರಿಗೆ ಬೇಕಾದ್ರೆ ಎರಡು ಮಡಚೋ ಕುರ್ಚಿ ತಂದಿಡಿ. ನಾನು ಇರೋರಿಗೆ ಮಾಡ್ತೀನಿ."

ಹೀಗೆ ಹೇಳಿ ಆತ ತನ್ನ ಚೀಲದ ಮೇಲೆ ಮೂಲೆಯಲ್ಲಿ ಕೂತ. ಬೆಳಗಿನಿಂದ ಸಂಜೆಯವರೆಗೆ ಕೂತೇ ಇದ್ದ. ಕೈಯಲ್ಲೊಂದು ಸೀಮೆಸುಣ್ಣ. ನಾವು ಓಡಾಡಿದಲ್ಲೆಲ್ಲ ನೆಲಕ್ಕೆ ಗೆರೆ ಎಳೆದ. ಕೀಲಿಕೈ ಎಲ್ಲಿ ಬಿಸಾಡುತ್ತೇವೆ, ಒಗೆದ ಬಟ್ಟೆಯ ರಾಶಿ ಎಲ್ಲಿ ಬೀಳುತ್ತದೆ, ನಾನು ಪತ್ರಿಕೆ ಓದುವಾಗ ಬೆಳಕಿಗಾಗಿ ಎತ್ತ ತಿರುಗುತ್ತೇನೆ, ಮಗು ಕಿಟಕಿಯ ಕೆಳಗೆ ಬೋರಲು ಮಲಗಿ ಚಿತ್ರ ಬರೆಯುವುದು ಎಲ್ಲಿ, ಎಲ್ಲಕ್ಕೂ ಗುರುತು. ಸಂಜೆ ಎದ್ದು ನಿಂತು ಸೊಂಟ ನೀವಿಕೊಂಡು ಹೇಳಿದ: "ಈ ಬಾಗಿಲಿಂದ ಆ ಬಾಗಿಲಿಗೆ ನೂರಾ ಹದಿನೇಳು ಸಲ ದಾಟಿದ್ರಿ. ಆ ಗಾಜಿನ ಟೀಪಾಯಿ ತಂದಿದ್ರೆ ನೂರಾ ಹದಿನೇಳು ಸಲ ಎಡವ್ತಿದ್ರಿ."

ನಾನು ಮೂವತ್ನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ನೋಡುವ ಮೊದಲೇ ತೀರ್ಮಾನಕ್ಕೆ ಬರುವ ವಿದ್ಯಾರ್ಥಿಗಳೇ ಹೆಚ್ಚು. ಕೂತು ನೋಡಿ, ಎಣಿಸಿ, ಆಮೇಲೆ ಬಾಯಿ ಬಿಡುವವನನ್ನು ಕಂಡು ಆ ದಿನ ನನಗೆ ಸಂತೋಷವಾಯಿತು.

ಆತ ಮಾಡಿಕೊಟ್ಟ ಹಾಲ್ ಹೀಗಿತ್ತು. ದಾರಿ ಬಿಟ್ಟು, ಎರಡು ಗೋಡೆಗಳ ಉದ್ದಕ್ಕೆ ಮೂಲೆಯಲ್ಲಿ ಕೂಡುವ ಮರದ ಆಸನ. ಅದರ ಕೆಳಗೆ ಬಟ್ಟೆಗೆ, ಆಟದ ಸಾಮಾನಿಗೆ, ಹಳೆಯ ಪತ್ರಿಕೆಗೆ ಎಳೆಯುವ ಡ್ರಾಯರುಗಳು. ಬಾಗಿಲ ಪಕ್ಕ ಕೀಲಿಕೈಗೆ ಒಂದು ಗೂಡು. ನನ್ನ ಜಾಗದಲ್ಲಿ ಬೆನ್ನಿಗೆ ಎತ್ತರದ ಒರಗು, ಏಳುವಾಗ ಊರಿಕೊಳ್ಳಲು ಕೈಹಿಡಿ, ಎಡ ಭುಜದ ಮೇಲಿಂದ ಬೀಳುವ ದೀಪ. ಕಿಟಕಿಯ ತುದಿಯಲ್ಲಿ ಮಗುವಿನ ಜಾಗ: ಮಡಚಿ ಬಿಚ್ಚುವ ಬರೆಯುವ ಹಲಗೆ, ಕೆಳಗೆ ಕಾಲೂರಲು ಇನ್ನೊಂದು ಹಲಗೆ. ಈ ಕಾಲುಹಲಗೆಯಲ್ಲೇ ಆತನ ಜೀವವಿದ್ದದ್ದು. ಎರಡೂ ಬದಿಯ ಮರದಲ್ಲಿ ಅರ್ಧ ಇಂಚಿಗೊಂದು ತೂತು, ತೂತಿಗೆ ಮರದ ಗೂಟ. ಮಗುವಿನ ಕಾಲು ಉದ್ದವಾದ ಹಾಗೆ ಗೂಟ ಕಿತ್ತು ಹಲಗೆಯನ್ನು ಒಂದೊಂದೇ ತೂತು ಕೆಳಗಿಳಿಸಬೇಕು. ಇಳಿಸಲು ಪ್ರತಿ ವರ್ಷ ಶಾಲೆ ಶುರುವಾಗುವ ವಾರ ಆತನೇ ಬರುತ್ತಿದ್ದ. ಮಕ್ಕಳಿರುವ ಎಲ್ಲ ಮನೆಗೂ ಹೋಗುತ್ತಿದ್ದ. ಒಂದು ಲೋಟ ಟೀ ಕುಡಿದು, ಬೇರೇನೂ ಮುಟ್ಟದೆ ಹೊರಡುತ್ತಿದ್ದ.

ಪ್ರತಿ ಮನೆಗೂ ಒಂದೊಂದು ಅಳತೆ ಪಟ್ಟಿ. ಎರಡು ಬೆರಳಗಲದ ಮರದ ಪಟ್ಟಿ, ತುದಿಗೆ ದಾರ. ಆತ ಕೆಲಸ ಮಾಡುವ ಕೊಟ್ಟಿಗೆಯ ಬಾಗಿಲ ಹಿಂದೆ ಇಂಥವು ಸಾಲಾಗಿ ನೇತಾಡುತ್ತಿದ್ದವು. ಮಗುವನ್ನು ಕೂರಿಸಿ, ಹಿಮ್ಮಡಿಯ ಪಕ್ಕ ಪಟ್ಟಿ ನಿಲ್ಲಿಸಿ, ಮೊಣಕಾಲ ಹಿಂದಿನ ಮಡಿಕೆ ಬಂದಲ್ಲಿ ಉಳಿಯಿಂದ ಒಂದು ಕಚ್ಚು ಹಾಕುತ್ತಿದ್ದ. ನಮ್ಮ ಮನೆಯ ಪಟ್ಟಿಯ ಎಡ ಅಂಚಿನಲ್ಲಿ ದೊಡ್ಡವಳ ಕಚ್ಚುಗಳು ಏಣಿಯ ಮೆಟ್ಟಿಲಂತೆ ಮೇಲೇರಿದವು. ನಡುವೆ ಅವಳಿಗೊಬ್ಬ ತಮ್ಮ ಹುಟ್ಟಿದ. ಮನೆಯಲ್ಲಿ ಅವನನ್ನು ಮರಿ ಎನ್ನುತ್ತೇವೆ. "ಬಲಗಡೆ ಅಂಚು ಇವನಿಗೆ. ಐದು ತುಂಬಲಿ, ಶುರು ಮಾಡ್ತೀನಿ" ಎಂದಿದ್ದ ಇಂಚುಪಟ್ಟಿ.

ದೊಡ್ಡವಳ ಕೊನೆಯ ಕಚ್ಚು ಹದಿನಾಲ್ಕೂವರೆ ಇಂಚಿಗೆ. ಆಗ ಅವಳಿಗೆ ಒಂಬತ್ತು. ಅದಾಗಿ ಐದು ತಿಂಗಳಿಗೆ ಜ್ವರ ಬಂತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋದಳು.

ಆಮೇಲೆ ಆ ಹಾಲ್ ಏನಾಯಿತು ಎಂಬುದನ್ನು ಹೇಳಬೇಕು. ಕಿಟಕಿಯ ಜಾಗದಲ್ಲಿ ಯಾರೂ ಕೂರಲಿಲ್ಲ. ಕಾಲುಹಲಗೆಯ ಮೇಲೆ ಅವಳ ಶಾಲೆಯ ಚೀಲ, ಬರೆಯುವ ಹಲಗೆಯ ಮೇಲೆ ಕಂಪಾಸು ಡಬ್ಬಿ. ತಂಗಿಯ ಮಗಳು ದಿನವೂ ಧೂಳು ಒರೆಸಿ ಎತ್ತಿದ ಜಾಗದಲ್ಲೇ ಇಡುತ್ತಿದ್ದಳು. ಅವಳ ಗಂಡ ಕೆಲಸದಿಂದ ಬಂದವನು ನೇರ ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಊಟ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಮರಿ ಓಡಾಡುವ ದಾರಿಯಲ್ಲಿ ನೆಲದ ಮೇಲೆ ಕೂತು, ಕತ್ತು ಮುಂದೆ ಚಾಚಿ, ಕಣ್ಣುಜ್ಜಿಕೊಳ್ಳುತ್ತ ಅಕ್ಷರ ತಿದ್ದುತ್ತಿದ್ದ. ದಾಟುವಾಗ ನಾವೆಲ್ಲ ಅವನನ್ನು ಎಡವುತ್ತಿದ್ದೆವು. ಒಬ್ಬರೂ ಅವನನ್ನು ಎತ್ತಿ ಕಿಟಕಿಯ ಹತ್ತಿರ ಕೂರಿಸಲಿಲ್ಲ. ನಾನೂ ಕೂರಿಸಲಿಲ್ಲ.

ಶಾಲೆ ಶುರುವಾಗುವ ವಾರ ಇಂಚುಪಟ್ಟಿ ಬಂದ. ಬಾಗಿಲಲ್ಲಿ ನಿಂತು ಹಾಲನ್ನು ನೋಡಿದ, ಮರಿಯನ್ನು ನೋಡಿದ.

"ಈ ಹುಡುಗ ಯಾಕೆ ಇಲ್ಲಿ ಕೂತಿದಾನೆ?"

ಆತ ಕಿಟಕಿಯ ಕಡೆ ಹೋದ.

"ಅದು ಅವಳ ಜಾಗ" ಎಂದಳು ತಂಗಿಯ ಮಗಳು. ಮತ್ತೆ ಮೆಲ್ಲಗೆ, "ಅವಳದು ಹದಿನಾಲ್ಕೂವರೆ ಇಂಚು. ಏನೂ ಬದಲಾಗಿಲ್ಲ. ಹಾಗೇ ಇರಲಿ" ಎಂದಳು.

"ಬದಲಾಗದ ಅಳತೆಗೆ ಹಲಗೆ ಬೇಕಾಗಲ್ಲಮ್ಮ" ಎಂದ ಆತ.

ಚೀಲ ಎತ್ತಿ ಅವಳ ಕೈಗೆ ಕೊಟ್ಟ. ಕಂಪಾಸು ಡಬ್ಬಿಯನ್ನು ಚೀಲದ ಮೇಲಿಟ್ಟ. ಮರಿಯ ಕಂಕುಳಿಗೆ ಕೈ ಹಾಕಿ ಎತ್ತಿ ಅಲ್ಲಿ ಕೂರಿಸಿ, ಪಟ್ಟಿ ಹಿಡಿದು ಬಲ ಅಂಚಿಗೆ ಮೊದಲ ಕಚ್ಚು ಹಾಕಿದ. ಗೂಟಗಳು ಬಿಗಿಯಾಗಿ ಕೂತಿದ್ದವು. ಕೊಡತಿಯಿಂದ ನಾಲ್ಕು ಪೆಟ್ಟು ಹೊಡೆದು ಕಿತ್ತ. ಐದು ವರ್ಷ ಒಂದೊಂದೇ ತೂತು ಇಳಿದು ಬಂದಿದ್ದ ಹಲಗೆ ಒಂದೇ ಏಟಿಗೆ ಮೇಲಕ್ಕೆ ಹೋಯಿತು. ಒಂದೊಂದು ಪೆಟ್ಟಿಗೂ ತಂಗಿಯ ಮಗಳ ಭುಜ ಅದುರಿದ್ದು ನನಗೆ ಕಂಡಿತು. ಅವಳು ಚೀಲ ಅವಚಿಕೊಂಡು ಅಡುಗೆಮನೆಗೆ ನಡೆದಳು.

ನಾನು ಬಾಗಿಲವರೆಗೆ ಆತನ ಹಿಂದೆ ಹೋದೆ. "ನಿಮ್ಮ ಎದೆಯಲ್ಲಿರೋದು ಏನು, ಮರದ ಕೊರಡಾ? ಇನ್ನೊಂದು ವರ್ಷ ಕಾಯೋಕೆ ಆಗ್ತಿರಲಿಲ್ವಾ?"

"ಕೊರಡೇ ಇರಬಹುದು ಟೀಚರಮ್ಮ. ಆದ್ರೆ ಹುಡುಗನ ಬೆನ್ನು ಬಗ್ಗಿದೆ. ಅದು ಕಾಯಲ್ಲ."

ಆತ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತಿಗೇ ನನಗೆ ಹೆಚ್ಚು ಸಿಟ್ಟು ಬಂತು. ಅವತ್ತೇ ಆತನ ಬಗ್ಗೆ ನನ್ನ ತೀರ್ಮಾನ ಮುಗಿಯಿತು.

ಕೋಣೆಯ ಮಟ್ಟಿಗೆ ಹೇಳುವುದಾದರೆ, ಅದು ಸರಿಹೋಯಿತು. ಮರಿಯ ಬೆನ್ನು ನೆಟ್ಟಗಾಯಿತು. ದಾರಿ ತೆರವಾಯಿತು. ಮಗ ಪಾಠ ಒಪ್ಪಿಸುವುದನ್ನು ಕೇಳಲು ಅಪ್ಪ ಮೊದಲು ಬಾಗಿಲಿಗೆ, ಆಮೇಲೆ ಆಸನದ ತುದಿಗೆ, ಕೊನೆಗೆ ತನ್ನ ಜಾಗಕ್ಕೆ ಬಂದು ಕೂತ. ಬರದೆ ಉಳಿದವಳು ತಂಗಿಯ ಮಗಳೊಬ್ಬಳೇ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಅಲ್ಲಿಂದಲೇ ಮಗನನ್ನು ಗದರಿಸುತ್ತಿದ್ದಳು. ಹಾಲಿನಲ್ಲಿ ಅವಳ ಮೊಣಕಾಲಿನ ಅಳತೆಗೆ ಮಾಡಿದ್ದ ಜಾಗ ನಾಲ್ಕು ವರ್ಷ ಖಾಲಿ ಇತ್ತು. ಒಂದು ಕಡೆ ಖಾಲಿ ತುಂಬಿಸಿದರೆ ಅದು ಇನ್ನೊಂದು ಕಡೆ ಹೋಗಿ ಕೂತಿತು.

"ಅಮ್ಮ, ಇಲ್ಲಿ ಬಾ. ಇಲ್ಲಿ ಫ್ಯಾನಿದೆ" ಎಂದು ಮರಿ ಕರೆಯುತ್ತಿದ್ದ.

"ನನಗೆ ಒಲೆ ಮೇಲೆ ಕಣ್ಣಿರಬೇಕು ಕಣೋ."

ಒಲೆ ಆರಿರುತ್ತಿತ್ತು.

ಪ್ರತಿ ವರ್ಷ ಇಂಚುಪಟ್ಟಿ ಬಂದಾಗ ಅವಳು ಹೊಸ್ತಿಲ ಮೇಲೆ ಎದ್ದು ನಿಲ್ಲುತ್ತಿದ್ದಳು. ಟೀ ಕೊಡಲು ಎಂದುಕೊಂಡಿದ್ದೆ. ಅಲ್ಲ. ಪಟ್ಟಿ ನೋಡಲು. ಬಲ ಅಂಚಿನ ಕಚ್ಚುಗಳು ಎಡ ಅಂಚಿನವುಗಳ ಪಕ್ಕದಲ್ಲೇ ಏರುತ್ತಿದ್ದವು. ಮೂರನೆಯ ವರ್ಷ ಅಕ್ಕನ ಕೊನೆಯ ಕಚ್ಚಿಗೆ ಅಂತರ ಎರಡು ಬೆರಳು. ನಾಲ್ಕನೆಯ ವರ್ಷ ಒಂದೇ ಬೆರಳು.

ಹೋದ ವರ್ಷ ಶಾಲೆ ಶುರುವಾಗಲು ಹತ್ತು ದಿನ ಇದ್ದಾಗ ಅವಳು ನನ್ನ ಕೋಣೆಗೆ ಬಂದಳು. ಗಂಡನ ಕೈಯಲ್ಲಿ ಬಡಗಿಗೆ ಬರಬೇಡ ಎಂದು ಹೇಳಿಸಿದ್ದಾಳಂತೆ.

"ಯಾಕೆ?"

"ಮರಿಗೆ ಒಂಬತ್ತಾಯ್ತು, ದೊಡ್ಡಮ್ಮ. ಈ ಸಲ ಅವನು ಅವಳನ್ನ ದಾಟ್ತಾನೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ದಾಟಿಬಿಟ್ರೆ ಅವಳು ಅಕ್ಕ ಆಗಿರಲ್ಲ. ಅವನಿಗೆ ತಂಗಿ ಆಗಿಬಿಡ್ತಾಳೆ. ಆಮೇಲೆ ವರ್ಷ ವರ್ಷ ಚಿಕ್ಕೋಳಾಗ್ತಾ ಹೋಗ್ತಾಳೆ."

"ಮೂಳೆ ಯಾರ ಅಪ್ಪಣೆಗೂ ಕಾಯಲ್ಲಮ್ಮ. ಅಳೆದರೂ ಬೆಳೆಯುತ್ತೆ, ಅಳೆಯದಿದ್ರೂ ಬೆಳೆಯುತ್ತೆ" ಎಂದೆ.

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಅವಳು ತಲೆಯಾಡಿಸಿ ಎದ್ದು ಹೋದಳು. ಬಾಗಿಲ ಆಚೆ ಮರಿ ನಿಂತಿದ್ದನ್ನು ನಾನು ಆಗ ನೋಡಿದೆ. ಕೈಯಲ್ಲಿ ನನ್ನ ಕನ್ನಡಕವಿತ್ತು, ಕೊಡಲು ಬಂದಿದ್ದ.

ಅವತ್ತಿನಿಂದ ಹುಡುಗ ತಟ್ಟೆಯಲ್ಲಿ ಅರ್ಧ ಬಿಡತೊಡಗಿದ. ಹಾಲು ಬೇಡ ಎಂದ. ನಿಂತರೆ ಮಂಡಿ ತುಸು ಬಗ್ಗಿಸಿ ನಿಲ್ಲುವುದು, ಕೂತರೆ ಕಾಲು ಮಡಚಿ ಮೇಲಿಡುವುದು. "ಏನೋ ಮುದುಕನ ಹಾಗೆ ಆಡ್ತೀಯ?" ಎಂದು ಅವರಪ್ಪ ಗದರಿದ. ಒಂಬತ್ತು ವರ್ಷದ ಹುಡುಗ ತಾನು ಬೆಳೆಯುವುದನ್ನು ತಾನೇ ನಿಲ್ಲಿಸಲು ಹೊರಟಿದ್ದ. ಇದನ್ನು ಅವನ ತಾಯಿಗೆ ಹೇಗೆ ಹೇಳುವುದು? ಕೋಣೆಯೊಂದು ಸಾಲದು ಎಂದು ಈಗ ಹುಡುಗನೂ ಅಕ್ಕನ ಅಳತೆಗೆ ಕಟ್ಟುಬಿದ್ದ.

ನಾನು ಕೊಡೆ ಹಿಡಿದು ಬಡಗಿಯ ಕೊಟ್ಟಿಗೆಗೆ ಹೋದೆ. ಆ ವರ್ಷ ಆತ ಬಹಳ ಇಳಿದುಹೋಗಿದ್ದ, ಎರಡು ಮಾತಿಗೊಮ್ಮೆ ಕೆಮ್ಮು. ನಡೆದದ್ದನ್ನೆಲ್ಲ ಹೇಳಿದೆ. ತಾಯಿ ಹೇಳಿದ್ದು, ಮಗ ಕೇಳಿಸಿಕೊಂಡದ್ದು, ತಟ್ಟೆಯಲ್ಲಿ ಉಳಿಯುವ ಅನ್ನ. ಆತ ಹಲಗೆ ಉಜ್ಜುತ್ತಲೇ ಕೇಳಿದ.

"ಹುಡುಗನ ಕಾಲು ಬೆಳೆಯೋದು ನಿಂತಿದೆಯಾ?"

"ಇಲ್ಲ."

"ಹಂಗಾದ್ರೆ ಬರ್ತೀನಿ. ಬೇಡ ಅಂದ್ರೆ ಬಾಗಿಲಲ್ಲೇ ಬೈಯಲಿ."

ಮನೆಗೆ ಬರುವಾಗ, ಹೋಗಿದ್ದೇ ತಪ್ಪಾಯಿತು ಎನಿಸಿತು. ಈತ ಬಂದು ಕಚ್ಚು ಹಾಕುತ್ತಾನೆ, ಹುಡುಗ ದಾಟಿದ ಎನ್ನುತ್ತಾನೆ, ನಿಜ ಹೇಳಿದ್ದೇನೆ ಎಂದು ಟೀ ಕುಡಿದು ಹೋಗುತ್ತಾನೆ.

ಎರಡು ದಿನ ಬಿಟ್ಟು ಸಂಜೆ ನಾಲ್ಕಕ್ಕೆ ಬಂದ. ಯಾರೂ ಬೈಯಲಿಲ್ಲ. ತಂಗಿಯ ಮಗಳು ಹೊಸ್ತಿಲ ಮೇಲೆ ಎದ್ದು ನಿಂತಳು, ಗೋಡೆಗೆ ಒರಗಿಕೊಂಡಳು. ನಾನು ನನ್ನ ಜಾಗದಲ್ಲಿದ್ದೆ, ಕಿಟಕಿಗೆ ಎರಡೇ ಮೊಳ ದೂರ.

"ಕೂತ್ಕೋ ಬಾರೋ ದೊರೆ" ಎಂದ ಇಂಚುಪಟ್ಟಿ.

ಮರಿ ಕೂತ. ಹಿಮ್ಮಡಿ ಎತ್ತಿ, ಕಾಲು ಹಿಂದಕ್ಕೆಳೆದುಕೊಂಡ.

"ಕಾಲು ಬಿಡೋ. ಕೋಳಿ ಹಂಗೆ ಮುದುಡಿಕೊಂಡ್ರೆ ನಾನೇನು ಅಳೀಲಿ, ಪುಕ್ಕಾನಾ?"

ಹುಡುಗ ನಗಲಿಲ್ಲ. ಅಡುಗೆಮನೆಯ ಕಡೆ ನೋಡಿದ. ಆತನೂ ಅತ್ತ ತಿರುಗಿದ.

"ಅಮ್ಮ, ಸ್ವಲ್ಪ ಬಂದು ಪಟ್ಟಿ ಹಿಡ್ಕೊಳ್ಳಿ. ನನ್ನ ಕೈ ನಡುಗುತ್ತೆ."

ಆತನ ಕೈ ನಡುಗುತ್ತಿರಲಿಲ್ಲ. ಎರಡು ದಿನದ ಹಿಂದೆ ಅದೇ ಕೈ ಹಲಗೆಯಿಂದ ಕೂದಲೆಳೆಯಷ್ಟು ತೆಳುವಾದ ಸಿಪ್ಪೆ ತೆಗೆಯುವುದನ್ನು ನಾನು ನೋಡಿದ್ದೆ.

ಅವಳು ತುಂಬಾ ಹೊತ್ತು ಅಲುಗಲಿಲ್ಲ. ಆಮೇಲೆ ಹೊಸ್ತಿಲು ದಾಟಿ ಬಂದು ಮಗನ ಕಾಲ ಬಳಿ ನೆಲದ ಮೇಲೆ ಕೂತಳು. ಆತ ಹಲಗೆಯನ್ನು ತೆಗೆದು ಬದಿಗಿಟ್ಟು, ಅದರ ಜಾಗದಲ್ಲಿ ಒಂದು ಮಣೆ ಇಟ್ಟು, ಹುಡುಗನ ಪಾದ ಅದರ ಮೇಲೂರಿಸಿದ. ಪಟ್ಟಿಯ ಬುಡವನ್ನು ಅವಳ ಎರಡೂ ಕೈಗೆ ಕೊಟ್ಟ.

"ಬುಡ ಅಲ್ಲಾಡಬಾರದು. ಮೇಲೆ ನೋಡಬೇಡಿ, ಬುಡಾನೇ ನೋಡ್ತಿರಿ."

ಅವಳು ತಲೆ ಬಗ್ಗಿಸಿ ಬುಡವನ್ನೇ ನೋಡುತ್ತಿದ್ದಳು. ಮರಿ ಕಣ್ಣು ಮುಚ್ಚಿಕೊಂಡಿದ್ದ. ಆತ ಮಂಡಿಯೂರಿ, ಕಣ್ಣನ್ನು ಮೊಣಕಾಲಿನ ಮಡಿಕೆಯ ಮಟ್ಟಕ್ಕೆ ತಂದ. ಓರೆಯಾಗಿ ನೋಡಿದರೆ ಅಳತೆ ತಪ್ಪುತ್ತದೆ; ಮೂವತ್ನಾಲ್ಕು ವರ್ಷ ನಾನು ಮಕ್ಕಳಿಗೆ ಹೇಳಿದ ಮೊದಲ ಪಾಠ ಅದು. ಆತನ ಕಣ್ಣು ನೇರವಾಗಿತ್ತು. ನಾನೂ ಬಗ್ಗಿ ನೋಡಿದೆ. ಹುಡುಗನ ಕಾಲು ಅಕ್ಕನ ಕೊನೆಯ ಕಚ್ಚಿಗಿಂತ ಎರಡು ನೂಲು, ಅಂದರೆ ಕಾಲು ಇಂಚು, ಮೇಲಿತ್ತು.

ಇಂಚುಪಟ್ಟಿ ಒಮ್ಮೆ ಕೆಮ್ಮಿದ. ಉಳಿಯನ್ನು ಕಾಲು ಬಂದಲ್ಲಿ ಇಟ್ಟ. ಅಲ್ಲಿಂದ ಮೆಲ್ಲಗೆ ಕೆಳಕ್ಕೆ ಜಾರಿಸಿದ. ಅಕ್ಕನ ಕಚ್ಚು ದಾಟಿಸಿ, ಅದಕ್ಕಿಂತ ಎರಡು ನೂಲು ಕೆಳಗೆ ಬಂದು, ಬಲ ಅಂಚಿಗೆ ಕಚ್ಚು ಹಾಕಿದ.

"ಇನ್ನೂ ಕಮ್ಮಿ ಇದೆ ಕಣೋ. ಅಕ್ಕನ್ನ ಹಿಡೀಬೇಕಾದ್ರೆ ಇನ್ನೂ ಒಂದು ವರ್ಷ ಚೆನ್ನಾಗಿ ಊಟ ಮಾಡಬೇಕು."

ಮರಿ ಕಣ್ಣು ಬಿಟ್ಟ. ತಾಯಿ ತಲೆಯೆತ್ತಿ ಪಟ್ಟಿ ನೋಡಿದಳು. ಎರಡು ಕಚ್ಚುಗಳ ಮೇಲೂ ಬೆರಳಾಡಿಸಿದಳು, ಮೊದಲು ಕೆಳಗಿನದು, ಆಮೇಲೆ ಮೇಲಿನದು. ಅವಳು ಏಳಲಿಲ್ಲ. ಅಲ್ಲೇ, ಮಗನ ಕಾಲಿಗೆ ಒರಗಿ ಕೂತಳು.

ಆತ ಹಲಗೆಯನ್ನು ಮತ್ತೆ ಜೋಡಿಸಿದ. ಹಾಕಿದ ಕಚ್ಚಿನ ಪ್ರಕಾರ ಅದು ಎಲ್ಲಿ ಕೂರಬೇಕಿತ್ತೋ ಅದಕ್ಕಿಂತ ಒಂದು ತೂತು ಕೆಳಗೆ, ಹುಡುಗನ ಕಾಲಿಗೆ ಸರಿಯಾಗಿ ಬರುವಲ್ಲಿ, ಗೂಟ ಬಡಿದ. ಮೆತ್ತಗೆ ಬಡಿದ, ಕೊಡತಿಗೆ ಬಟ್ಟೆ ಸುತ್ತಿಕೊಂಡು. ಆಮೇಲೆ ನನ್ನ ಕಡೆ ನೋಡದೆ, ಆ ಕಚ್ಚು ಹಾಕಿದಾಗ ನೆಲಕ್ಕೆ ಬಿದ್ದಿದ್ದ ಮರದ ಚೂರನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡ.